ನಡುಬಿಸಿಲು ದಾಟಬೇಕು

ಬೀದರಿನ ಚಿದ್ರಿಯ ಈ ಓಣಿಗೆ ಹಾಲಿನವನು ಇನ್ನೂ ಬಂದಿಲ್ಲ. ಸಂಜುಕುಮಾರ ಆಗಲೇ ಮನೆಯ ಕಟ್ಟೆಯ ಮೇಲೆ ಕೂತು, ಪಕ್ಕದ ತಗಡು ಬಿಚ್ಚಿಟ್ಟ ಕಂಪ್ಯೂಟರಿನ ಹಿಂದೆ ಅಂಗೈ ಮಗುಚಿ ಹಿಡಿದಿದ್ದಾರೆ. ಒಳಗಿನ ಫ್ಯಾನು ಹೊರತಳ್ಳುವ ಗಾಳಿ ಬೆಚ್ಚಗಿದೆ, ಸುಡುತ್ತಿಲ್ಲ. ಪ್ರೊಸೆಸರಿನ ಬಿಸಿ ನಲವತ್ತೆಂಟು ಡಿಗ್ರಿ ಎಂದು ಪರದೆಯ ಮೂಲೆ ತೋರಿಸುತ್ತಿದೆ. ಅವರ ಮುಖದಲ್ಲಿ ಮಾತ್ರ ಸಮಾಧಾನ ಕಾಣುವುದಿಲ್ಲ.

‘ಇದನ್ನ ಈಗ ನಂಬಬಾರದ್ರಿ. ಮುಂಜಾನಿ ತಂಪಿನ್ಯಾಗ ಎಲ್ಲಾ ಮಷೀನೂ ಛಲೋನೇ ಇರ್ತಾವ’ ಎನ್ನುತ್ತಾರೆ.

ಕಾದು ತಾನಾಗಿ ಆರಿಹೋಗುವ ಕಂಪ್ಯೂಟರುಗಳೇ ಅವರ ಪಾಲಿಗೆ ಬರುವುದು. ಈ ಕಂಪ್ಯೂಟರು ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ಸಿದ್ದೇಶ್ವರಿಯದು. ಬಸ್ ನಿಲ್ದಾಣದ ಪಕ್ಕದ ಬಾಡಿಗೆ ಕೋಣೆಯಲ್ಲಿ ಅವರು ಊರವರ ಅರ್ಜಿ, ಮದುವೆ ಪತ್ರಿಕೆ ಟೈಪ್ ಮಾಡಿಕೊಡುತ್ತಾರೆ. ಒಂದು ವಾರದಿಂದ ಶಟರು ಇಳಿದೇ ಇದೆ. ಕೋಣೆಯ ಮಾಲೀಕ ನಂದಕುಮಾರ ಅದನ್ನು ಮೊಬೈಲ್ ಅಂಗಡಿಯವರಿಗೆ ಕೊಡುವ ಮಾತಾಡುತ್ತಿದ್ದಾರೆ. ನಾಳೆವರೆಗೆ ಕಾಯುತ್ತೇನೆ ಎಂದಿದ್ದಾರೆ.

ಮೊದಲ ಬಸ್ಸಿಗೆ ಹೊರಟ ಸಿದ್ದೇಶ್ವರಿ ಬಿಸಿಲೇರುವ ಮುಂಚೆಯೇ ಚಿದ್ರಿ ಮುಟ್ಟುತ್ತಾರೆ. ಬೆಳಗುತ್ತಿರುವ ಪರದೆ ಕಂಡು ಕಟ್ಟೆ ಹತ್ತುವಾಗಲೇ ನಗುತ್ತಾರೆ. ‘ಅಣ್ಣಾ, ಎಬ್ಸಿಬಿಟ್ರಲ್ರೀ! ಕೊಡ್ರಿ ಮತ್ತ, ಹತ್ತರ ಬಸ್ಸಿಗಿ ಹೋಗ್ತೇನಿ.’

‘ಕೂಡ್ರಿ ಅಕ್ಕಾ. ನಡುಬಿಸಲ ದಾಟ್ಲಿ.’

‘ನಡೀಲಕತ್ತದಲ್ರಿ?’

‘ನಡೀಲಕತ್ತದ. ಅದಕ್ಕೇ ಕೂಡ್ರಿ ಅನ್ಲಕತ್ತೇನಿ.’

ಒಳಗಿನಿಂದ ಚಹಾ ತಂದ ಹೆಂಡತಿ ಸುವರ್ಣಾ ದನಿಗೂಡಿಸುತ್ತಾರೆ: ‘ನಮ್ಮ ಮನಿ ಟೇಬಲ್ ಫ್ಯಾನ್ ಕೆಟ್ಟು ತಿಂಗಳಾತ್ರಿ ಅಕ್ಕಾ. ಅದಕ್ಕ ಇವರಿಗಿ ಪುರುಸೊತ್ತಿಲ್ಲ. ಮಂದಿ ಡಬ್ಬಿ ಒಳಗಿನ ಫ್ಯಾನ್ ತಿರಗೂದು ನೋಡ್ಕೋತ ಕೂಡ್ತಾರ.’

ಸಂಜುಕುಮಾರ ಔರಾದ ತಾಲ್ಲೂಕಿನ ಕುರಿ ಸಾಕುವ ಮನೆತನದವರು. ಮರಿಗೆ ಜ್ವರ ಬಂದಿದೆಯೇ ಎಂದು ಕಿವಿ ಮುಟ್ಟಿ ನೋಡುವುದನ್ನು ತಂದೆ ಧೊಂಡಿಬಾ ಕಲಿಸಿದ್ದರು. ಬೀದರಿಗೆ ಬಂದು ಕಂಪ್ಯೂಟರ್ ರಿಪೇರಿ ಕಲಿತ ಮೇಲೂ ಆ ರೂಢಿ ಬಿಟ್ಟಿಲ್ಲ. ಪರದೆ ಏನೇ ತೋರಿಸಲಿ, ಕೈ ಇಟ್ಟೇ ನೋಡಬೇಕು. ಗುತ್ತಿಗೆ ಕಂಪನಿಯೊಂದರ ಪರವಾಗಿ ಔರಾದ, ಭಾಲ್ಕಿ ಕಡೆಯ ಶಾಲೆಗಳ ಕಂಪ್ಯೂಟರುಗಳನ್ನು ವರ್ಷಗಟ್ಟಲೆ ನೋಡಿಕೊಂಡರು. ದಿನಕ್ಕೆ ಎಂಟು ಹತ್ತು ಬಿಚ್ಚಿ ಜೋಡಿಸಿದ್ದುಂಟು. ಗುತ್ತಿಗೆ ಮುಗಿಯಿತು, ಶಾಲೆಗಳ ಕಂಪ್ಯೂಟರ್ ಕೋಣೆಗಳಿಗೆ ಬೀಗ ಬಿತ್ತು. ಈಗ ಒಂದೂ ಬಾರದ ವಾರಗಳಿವೆ.

ಸಿದ್ದೇಶ್ವರಿಯ ಕಂಪ್ಯೂಟರಿಗೆ ಮಾಡಬಹುದಾದದ್ದನ್ನೆಲ್ಲ ಅವರು ಮಾಡಿದ್ದಾರೆ. ಸವೆದ ಫ್ಯಾನು ತೆಗೆದು ಬೇರೆಯದು ಹಾಕಿದ್ದಾರೆ. ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದ ಹೆಕ್ಕಳಿಕೆಯಂತಾಗಿದ್ದ, ಬಿಸಿ ಹೊರಸಾಗಿಸುವ ಪೇಸ್ಟ್ ಕೆರೆದು ಹೊಸದು ಸವರಿದ್ದಾರೆ. ಉಬ್ಬಿದ ಕಂಡೆನ್ಸರುಗಳನ್ನು ಬದಲಿಸಿದ್ದಾರೆ. ಆದರೆ ಪ್ರೊಸೆಸರಿಗೆ ಕರೆಂಟು ಹಾಯುವ ಜಾಗದಲ್ಲಿ ಮದರ್ ಬೋರ್ಡು ಕಮರಿ ಕಂದುಬಣ್ಣಕ್ಕೆ ತಿರುಗಿದೆ. ಸಂಶಯ ಅಲ್ಲೇ.

ಕಾರಣ ಸಿದ್ದೇಶ್ವರಿಯ ತೊಡೆಯ ಮೇಲಿದೆ. ಹೋದ ಸಲ ಅವರು ಕಂಪ್ಯೂಟರನ್ನು ಸುತ್ತಿ ತಂದು ಇಲ್ಲೇ ಬಿಟ್ಟಿದ್ದ ಕೌದಿ. ತಾಯಿ ಕಾಂತಾಬಾಯಿಯ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ, ಡಬ್ಬಿಯ ಅಳತೆಗೇ ಹೊಲಿದದ್ದು.

‘ರಸ್ತೆ ಬಾಜೂಕ ಕೋಣಿ ಅಲ್ರಿ, ಧೂಳ ಒಳಗ ಹೋಗಬಾರದಂತ ನಾನೇ ಹೊಲದೀನಿ’ ಎಂದು ಅಂಚಿನ ಹೊಲಿಗೆ ತೋರಿಸುತ್ತಾರೆ.

‘ಕೆಲಸ ಮಾಡುವಾಗ ತಗೀತಿದ್ರಿಲ್ಲೋ?’

‘ಮುಂದಿಂದಷ್ಟ ಎತ್ತತಿದ್ನಿ.’

ಗಾಳಿ ಹೊರಬೀಳುವುದು ಹಿಂದಿನಿಂದ. ಸಂಜುಕುಮಾರ ಕೌದಿಯ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡುತ್ತಾರೆ. ನಿಜ ಹೇಳದಿದ್ದರೆ ಮುಂದಿನ ಕಂಪ್ಯೂಟರಿಗೂ ಅವರು ಇದೇ ಕೌದಿ ಹೊದಿಸುತ್ತಾರೆ. ‘ಧೂಳ ಒಳಗ ಹೋಗ್ಲಿಲ್ರಿ ಅಕ್ಕಾ. ಬಿಸಿ ಹೊರಗ ಬರ್ಲಿಲ್ಲ.’

ಸಿದ್ದೇಶ್ವರಿ ಕೌದಿಯನ್ನು ಮಡಚುತ್ತಾರೆ. ಬಿಚ್ಚಿ ಮತ್ತೆ ಮಡಚುತ್ತಾರೆ.

ಬಿಸಿಲು ನೆತ್ತಿಗೇರುತ್ತದೆ. ಭಾತಂಬ್ರಾದ ಕೋಣೆಯ ಮೇಲೂ ತಗಡಿನ ಪತ್ರಾ ಇದೆ, ಅಷ್ಟೇ ಕಾವಿನಲ್ಲಿ ನಡೆಯುತ್ತದೆಯೇ ನೋಡೋಣ ಎಂದು ಸಂಜುಕುಮಾರ ಕಂಪ್ಯೂಟರನ್ನು ಹಿತ್ತಲಿನ ಪತ್ರಾ ಶೆಡ್ಡಿಗೆ ಒಯ್ದು, ಡಬ್ಬಿಯ ತಗಡು ಮುಚ್ಚಿ, ನಿಮ್ಮ ಕೆಲಸ ನೀವು ಮಾಡ್ರಿ ಎನ್ನುತ್ತಾರೆ. ಸಿದ್ದೇಶ್ವರಿ ಅರ್ಧಕ್ಕೆ ನಿಂತಿದ್ದ ಮದುವೆ ಪತ್ರಿಕೆಯೊಂದನ್ನು ಟೈಪ್ ಮಾಡತೊಡಗುತ್ತಾರೆ. ಐವತ್ತೆಂಟು ಡಿಗ್ರಿ. ಅರವತ್ತೊಂದು. ಪ್ರೊಸೆಸರಿಗೆ ಇದು ದೊಡ್ಡ ಬಿಸಿಯಲ್ಲ. ವಧುವಿನ ತಂದೆಯ ಹೆಸರು ಅರ್ಧ ಮುಗಿದಿದೆ. ಪರದೆ ಕಪ್ಪಾಗುತ್ತದೆ, ಫ್ಯಾನು ನಿಲ್ಲುತ್ತದೆ.

ತಗಡು ಬಿಚ್ಚಿ ಕಮರಿದ ಜಾಗದ ಮೇಲೆ ಕೈ ಹಿಡಿದ ಸಂಜುಕುಮಾರ ತಟ್ಟನೆ ಹಿಂದೆಳೆದುಕೊಳ್ಳುತ್ತಾರೆ. ‘ಪ್ರೊಸೆಸರ್ ಉಳದದ. ಅದನ್ನ ಹೊತ್ತ ಬೋರ್ಡ್ ಹೋಗ್ಯದ.’

ಹೊಸ ಬೋರ್ಡುಗಳು ಈ ಹಳೆಯ ಪ್ರೊಸೆಸರಿಗೆ ಕೂಡುವುದಿಲ್ಲ. ಇದೇ ಕಾಲದ್ದು ಬೇಕು. ಅಂಥವು ಇದ್ದರೆ, ಶಾಲೆಗಳ ಹಳೆಯ ಕಂಪ್ಯೂಟರುಗಳನ್ನು ಕೊಂಡಿದ್ದ ಔರಾದಿನ ಗುಜರಿ ವ್ಯಾಪಾರಿ ಅಬ್ದುಲ ಸಮದರ ಬಳಿ. ಸಂಜುಕುಮಾರ ಫೋನು ಹಚ್ಚಿ ಸ್ಪೀಕರಿಗೆ ಹಾಕುತ್ತಾರೆ.

‘ಅರೇ ಸಂಜು ಭಾಯ್, ಸತ್ತವರ ಡಾಕ್ಟರ್! ಇನ್ನಾ ಅದೇ ಧಂದೆದಾಗ ಇದ್ದೀ?’

‘ಭಾಯ್, ಹಳೀ ಸಾಲಿ ಬೋರ್ಡ್ ಇದ್ದುವಲ್ಲ, ಒಂದಾದ್ರ ಅದೇನು?’

ಆ ಕಡೆಯ ನಗು ನಿಲ್ಲುತ್ತದೆ. ‘ಹ್ವಾದ ವಾರ ಎಲ್ಲಾ ತೂಕಕ್ಕ ಹಾಕಿ ಹೈದರಾಬಾದಕ್ಕ ಕಳಿಸಿದ್ನೋ. ಯಾರೂ ಕೇಳಲ್ಲ, ಎಷ್ಟ ದಿನಾ ಇಟ್ಕೋಬೇಕು? ಮೊದಲೇ ಹೇಳಬೇಕಿಲ್ಲ?’

ಸಂಜುಕುಮಾರ ಹಾರ್ಡ್ ಡಿಸ್ಕ್ ಬಿಚ್ಚಿ ಸಿದ್ದೇಶ್ವರಿಯ ಕೈಗಿಡುತ್ತಾರೆ. ‘ನೀವು ಮಾಡಿದ ಕೆಲಸ ಎಲ್ಲಾ ಇದರಾಗ ಅದ. ಬ್ಯಾರೆ ಮಷೀನಿಗಿ ಹಚ್ಚಬಹುದು.’

‘ಬ್ಯಾರೆ ಮಷೀನ ಎಲ್ಲಿಂದ ತರ್ಲಿ ಅಣ್ಣಾ? ನಾಳಿ ಕೋಣೀನೇ ಇರಲ್ಲ.’

ಸಿದ್ದೇಶ್ವರಿ ಡಬ್ಬಿಯನ್ನು ಅಲ್ಲೇ ಬಿಟ್ಟು, ಡಿಸ್ಕನ್ನು ಕೌದಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಓಣಿ ಇಳಿಯುತ್ತಾರೆ.

ಸಂಜೆ ಗಾಳಿ ಬೀಸಿದ ಮೇಲೆ ಸಂಜುಕುಮಾರ ಕಂಪ್ಯೂಟರನ್ನು ಕಟ್ಟೆಗೆ ತಂದು, ತಮ್ಮದೊಂದು ಹಳೆಯ ಡಿಸ್ಕ್ ಸಿಕ್ಕಿಸಿ ಗುಂಡಿ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ, ಪರದೆ ಬೆಳಗುತ್ತದೆ. ಐವತ್ತು ಡಿಗ್ರಿ.

‘ನೋಡ್ರಿ, ತಂಪಾತು, ಎದ್ದದ’ ಎನ್ನುತ್ತಾರೆ, ಕೈಯನ್ನು ಗಾಳಿಗೆ ಹಿಡಿದೇ. ‘ಮುಂಜಾನಿ ಕೊಟ್ಟು ಕಳಿಸಿದ್ದರ, ಅವರು ಊರು ಮುಟ್ಟಿ ಶಟರ ಎತ್ತಾತನಕ ನಾ ಭಾಳ ಛಲೋ ಮೆಕ್ಯಾನಿಕ್ ಇರ್ತಿದ್ನಿ.’