ನಮ್ಮ ಕಡೆಯ ಪದ್ಧತಿ

ಅಪ್ಪ ಉಂಡು ಎದ್ದ ತಟ್ಟೆಯನ್ನು ನೋಡಿದರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ಅಗಿದು ಉಗಿದ ನುಗ್ಗೆಕಾಯಿ ಸಿಪ್ಪೆ, ಅರ್ಧ ಕಚ್ಚಿಟ್ಟ ಹಸಿಮೆಣಸಿನಕಾಯಿ, ಮುದ್ದೆಯ ಚೂರಿನ ಮೇಲೆ ಬೆರಳಿನ ಗುರುತು, ಅಂಚಿಗೆ ಒಣಗಿದ ಸಾರು. ಅಮ್ಮ ಅದೇ ತಟ್ಟೆಗೆ ಅನ್ನ ಬಡಿಸಿಕೊಂಡು ಉಣ್ಣುತ್ತಿದ್ದಳು, ದಿನಾ ಎರಡು ಹೊತ್ತು. ಸಿಪ್ಪೆಯನ್ನು ಒಂದು ಕಡೆ ತಳ್ಳಿ, ಅಪ್ಪನ ಬೆರಳು ಓಡಾಡಿದ ಜಾಗದಲ್ಲೇ ಕಲಸಿಕೊಳ್ಳುತ್ತಿದ್ದಳು. ಬದುಕಿದ್ದಷ್ಟು ದಿನ ಅಜ್ಜಿಯೂ ತಾತನ ತಟ್ಟೆಯಲ್ಲೇ ಉಂಡವಳು.

ಯಾಕೆ ಎಂದು ಕೇಳಿದರೆ ಉತ್ತರ ತುದಿನಾಲಿಗೆಯಲ್ಲೇ ಇರುತ್ತಿತ್ತು: "ನಮ್ ಕಡೆ ಪದ್ಧತಿ ಕಣಮ್ಮ." ನಮ್ಮ ಕಡೆ ಅಂದರೆ ಕಲ್ಯಾಣದುರ್ಗದ ಕಡೆ. ಹುಣಸೆಹಣ್ಣಿನ ವ್ಯಾಪಾರಕ್ಕೆಂದು ತಾತ ಸಂಸಾರ ಕಟ್ಟಿಕೊಂಡು ಹಿಂದೂಪುರಕ್ಕೆ ಬಂದವನು. ನಾನು ಹುಟ್ಟಿದ್ದು, ಓದಿದ್ದು, ಈಗ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿರುವುದು ಎಲ್ಲಾ ಹಿಂದೂಪುರದಲ್ಲೇ. ಬೀದಿಯಲ್ಲಿ ನಮ್ಮ ಮಾತೂ ಮುಕ್ಕಾಲು ತೆಲುಗಾಗಿತ್ತು. ಆದರೂ ಮನೆಯೊಳಗೆ "ನಮ್ ಕಡೆ" ಅಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವಂತಿರಲಿಲ್ಲ.

ಹೋದ ವರ್ಷ ನನಗೆ ಗಂಡು ಗೊತ್ತಾಯಿತು, ಕಲ್ಯಾಣದುರ್ಗದ ಹುಡುಗ. ಅವತ್ತಿನಿಂದ ಅಮ್ಮ ಶುರು ಹಚ್ಚಿಕೊಂಡಳು. "ಹೋದ ದಿನಾನೇ ಅವ್ನ ತಟ್ಟೇಲಿ ಉಂಡ್ಬುಡು. ಅಲ್ಲಿಯೋರು ನೋಡ್ತಾ ಇರ್ತಾರೆ. ಹಿಂದೂಪುರಕ್ಕೆ ಹೋಗಿ ಕೆಟ್ಟೋದ್ರು ಅನ್ನಿಸ್ಕಬ್ಯಾಡ." ಸತ್ತರೂ ಉಣ್ಣುವುದಿಲ್ಲ ಅಂದೆ. ಹಂಗಾದ್ರೆ ಈ ಮದುವೆಯೇ ಬ್ಯಾಡ ಅಂದು ಒಂದು ವಾರ ಮಾತು ಬಿಟ್ಟಳು. ಹುಡುಗ ನನಗೆ ಹಿಡಿಸಿದ್ದ. ಆದರೆ ಅವನ ಮುಖ ನೆನೆಸಿಕೊಂಡರೆ ಸಾಕು, ಜೊತೆಗೆ ಅವನ ಎಂಜಲು ತಟ್ಟೆಯೂ ಕಣ್ಣಿಗೆ ಬರುತ್ತಿತ್ತು. ಮದುವೆ ಬೇಕಾದರೆ ತಟ್ಟೆಯೂ ಬೇಕು, ತಟ್ಟೆ ಬೇಡವೆಂದರೆ ಮದುವೆಯೂ ಇಲ್ಲ.

ಜಗಳ ಬಗೆಹರಿಯದಿದ್ದರೂ ಮದುವೆಯ ದಿನ ಗೊತ್ತಾಗಿತ್ತು. ಲಗ್ನಪತ್ರಿಕೆ ಕೊಡಲು ನಾವು ಮೂವರೂ ಕಲ್ಯಾಣದುರ್ಗದಲ್ಲಿದ್ದ ತಾತನ ತಂಗಿಯ ಮನೆಗೆ ಹೋದೆವು. ಅಪ್ಪನಿಗೆ ಸೋದರತ್ತೆ. ಹಲ್ಲೆಲ್ಲ ಉದುರಿದ್ದರೂ ನಾಲಿಗೆ ಮಾತ್ರ ಚುರುಕಾಗಿದ್ದ ಮುದುಕಿ. ಗಂಡಸರ ಊಟ ಮೊದಲು ಆಯಿತು. ಅಪ್ಪ ಕೈ ತೊಳೆಯಲು ಎದ್ದ. ಅಮ್ಮ 'ನೋಡಿ ಕಲಿ' ಅನ್ನುವ ಹಾಗೆ ನನ್ನ ಕಡೆ ಒಂದು ನೋಟ ಬೀರಿ, ಅವನ ತಟ್ಟೆಯನ್ನು ಎಳೆದುಕೊಂಡು ಕೂತಳು.

ಬಡಿಸುತ್ತಿದ್ದ ಆ ಮನೆಯ ಸೊಸೆ ಸೌಟು ಹಿಡಿದು ನಿಂತೇಬಿಟ್ಟಳು. "ಅಯ್ಯಯ್ಯೋ, ಅದಿ ಎಂಗಿಲಿ ಕದಕ್ಕಾ! ಎಂಜಲು ತಟ್ಟೆ ಯಾಕೆ, ನಮ್ಮನೇಲಿ ತಟ್ಟೆಗೇನು ಬರವಾ?"

ಅಮ್ಮ ಹೆಮ್ಮೆಯಿಂದ ನಕ್ಕಳು. "ಊರು ಬಿಟ್ರೂ ನಾವು ಪದ್ಧತಿ ಬಿಟ್ಟಿಲ್ಲ ಕಣಮ್ಮ."

"ಯಾವ್ ಪದ್ಧತಿ?" ಮೂಲೆಯಲ್ಲಿ ಕೂತಿದ್ದ ಮುದುಕಿ ಕೇಳಿದಳು. "ಪದ್ಧತೀನೂ ಇಲ್ಲ, ಗಿದ್ಧತೀನೂ ಇಲ್ಲ. ನಿಮ್ಮತ್ತೆ ಏಳು ತಿಂಗ್ಳು ಬಸ್ರಿ. ಹಸಿವು ತಡೀನಾರ್ದೆ ನಮ್ಮಣ್ಣ ಬರಾಕೆ ಮುಂಚೆ ಒಂದ್ ತುತ್ತು ಉಂಡಿದ್ಲು. ಅಷ್ಟ್ರಲ್ಲಿ ಅವ್ನು ಬಂದ್ಬುಟ್ಟ. ನನಗಿಂತ ಮುಂಚೆ ಉಂಡೋಳು ಇನ್ಮೇಲೆ ಸಾಯೋಗಂಟ ನನ್ನೆಂಜಲೇ ಉಣ್ಣು ಅಂದ. ಅವ್ಳಿಗೆ ಹಾಕಿದ್ ಶಿಕ್ಷೆ ಕಣಮ್ಮ ಅದು. ಹಿಂದೂಪುರದಲ್ಲಿ ಅಕ್ಕಪಕ್ಕದೋರು ಕೇಳಿದ್ರೆ ನಾಚ್ಕೆಗೆ ಪದ್ಧತಿ ಅಂದಿರ್ತಾಳೆ." ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ, "ನೀನೂ ಅಲ್ಲೇ ಇದ್ಯಲ್ಲೋ, ಆರೇಳು ವರ್ಷದೋನು. ಅವ್ವನ ಸೀರೆ ಹಿಡ್ಕಂಡು ಅತ್ತಿದ್ದೆ. ಮರ್ತೋಯ್ತಾ?"

ಅಪ್ಪ ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. "ಈಗ್ಯಾಕತ್ತೆ ಅದೆಲ್ಲಾ" ಅಂದು ಹೊರಗೆ ಹೋದ.

ನನಗೆ ತಾತನ ಮೇಲೆ ಹೇಸಿಗೆಯಾಯಿತು, ಅದೇನೂ ಹೊಸದಲ್ಲ. ಆದರೆ ಅಜ್ಜಿಯ ಮೇಲೂ ಆಯಿತು. ತನಗೆ ಬಿದ್ದ ಶಿಕ್ಷೆಯೆಂದು ಗೊತ್ತಿದ್ದೂ, ಹೊಸದಾಗಿ ಸೊಸೆಯಾಗಿ ಬಂದ ಅಮ್ಮನ ಮುಂದೆ ಮಗನ ಎಂಜಲು ತಟ್ಟೆ ಇಟ್ಟು ಪದ್ಧತಿ ಅಂದಳಲ್ಲ. ಎಲ್ಲರಿಗಿಂತ ಹೆಚ್ಚಾಗಿ ಅಪ್ಪನ ಮೇಲೆ ಆಯಿತು. ಎಲ್ಲಾ ಕಂಡವನು ಅವನು. ಮೂವತ್ತು ವರ್ಷ ಅಮ್ಮನ ಕಣ್ಣೆದುರೇ ಅಗಿದು, ಉಗಿದು, ಸುಮ್ಮನೆ ಎದ್ದು ಹೋದ.

ಅಮ್ಮ ತಲೆ ಬಗ್ಗಿಸಿ ಅದೇ ತಟ್ಟೆಯಲ್ಲಿ ಊಟ ಮುಗಿಸಿದಳು. ಸೊಸೆ ತಂದಿಟ್ಟ ಬೇರೆ ತಟ್ಟೆಯನ್ನು ಮುಟ್ಟಲಿಲ್ಲ. ಹಿಂದೂಪುರದ ಬಸ್ಸು ಹತ್ತಿ ಎಷ್ಟೋ ಹೊತ್ತಾದ ಮೇಲೆ ಅಪ್ಪನನ್ನು ಕೇಳಿದಳು.

"ನಿಮ್ಮವ್ವ ಏನೋ ಮುಂಚೆ ಉಂಡ್ಲು. ನಾನೇನ್ ತಪ್ಪು ಮಾಡಿದ್ದೆ?"

ಅಪ್ಪ ಕಿಟಕಿಯ ಕಡೆ ನೋಡಿದ. "ನೀನು ಕೇಳಿದ್ರೆ ಹೇಳ್ತಿದ್ದೆ" ಅಂದ.

ಅವನ ಪಕ್ಕ ಕೂತಿರಲು ಆಗದೆ ನಾನು ಎದ್ದು ಹೋಗಿ, ಊರು ಬರುವವರೆಗೂ ಕಂಬಿ ಹಿಡಿದು ನಿಂತಿದ್ದೆ.

ಮಾರನೇ ದಿನ ಮಧ್ಯಾಹ್ನ ಅಪ್ಪ ಎಂದಿನಂತೆ ಉಂಡು ಅಂಗಡಿಗೆ ಹೋದ. ಅಮ್ಮ ಒಳಗಿನಿಂದ ತೊಳೆದ ತಟ್ಟೆಯೊಂದನ್ನು ತಂದು ಕೂತಳು. "ನೀನು ಅಲ್ಲಿಗೆ ಹೋದ್ಮೇಲೆ ಬ್ಯಾರೆ ತಟ್ಟೇಲೇ ಉಣ್ಣು. ಯಾರಾದ್ರೂ ಏನಾದ್ರೂ ಅಂದ್ರೆ ನಮ್ಮಮ್ಮ ಹೇಳವ್ಳೆ ಅನ್ನು" ಅಂದಳು. ನನ್ನ ಜೀವ ತಣ್ಣಗಾಯಿತು. ನಾನೇ ಅವಳಿಗೆ ಬಿಸಿ ಅನ್ನ, ಸಾರು ಬಡಿಸಿದೆ.

ಕಲಸಿ ಒಂದು ತುತ್ತು ಬಾಯಿಗಿಟ್ಟಳು. ತುಂಬಾ ಹೊತ್ತು ಅಗಿದಳು. ನೀರು ಕುಡಿದು ನುಂಗಿದಳು. ಎರಡನೇ ತುತ್ತು ಬಾಯಿಯವರೆಗೆ ಹೋಗಿ ವಾಪಸು ಬಂತು.

"ಸೇರ್ತಾ ಇಲ್ಲ ಕಣಮ್ಮ" ಅಂದಳು, ನನ್ನ ಮುಖ ನೋಡದೆ. ಆಮೇಲೆ ಅಪ್ಪನ ತಟ್ಟೆಯನ್ನು ಹತ್ತಿರಕ್ಕೆ ಎಳೆದು, ಕಲಸಿದ್ದನ್ನೆಲ್ಲ ಅದಕ್ಕೆ ಸುರಿದುಕೊಂಡು ಉಂಡಳು.