ಬಿಜ್ಜರಗಿ ದಿಬ್ಬದ ಬೇವಿನ ಕಡ್ಡಿ

ಅಬ್ದುಲಸಮದನಿಗೆ ಸುಧೀರನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸುಧೀರ ಸತ್ತು ಎರಡು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟಿಡಬಾರದು ಎಂದು ಹೆಂಡತಿ ಶಮಾ ಹೇಳಿ ಹೇಳಿ ಸಾಕಾಗಿದ್ದಾಳೆ.

ಸಮದ ಸೊಲ್ಲಾಪುರ ರಸ್ತೆಯಲ್ಲಿ ಟೈರಿನ ಅಂಗಡಿ ಇಟ್ಟವನು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಲು ಹೇಳಿದರೆ ಈತ ಓಡಲು ಹತ್ತಿದ. ಸಾವಕಾಶ ಎಂಬುದು ಅವನ ಮೈಯಲ್ಲೇ ಇಲ್ಲ. ವಿಜಯಪುರದ ಓಟಗಾರರ ಸಂಘ ಸೇರಿದ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಸುಧೀರ ಆ ಸಂಘದ ಹಿರಿಯ.

ವರ್ಷಕ್ಕೊಮ್ಮೆ ಸಂಘದವರು ಬಿಜ್ಜರಗಿಯ ಆಚೆ ದೋಸ್ತಿ ಓಟ ಇಡುತ್ತಿದ್ದರು. ಕಪ್ಪಿಲ್ಲ, ಪದಕವಿಲ್ಲ. ದ್ರಾಕ್ಷಿ ತೋಟದಿಂದ ಹೊರಟು ದಿಬ್ಬಗಳನ್ನು ಏರಿಳಿದು, ಕಡೆಯ ದಿಬ್ಬದ ನೆತ್ತಿಯ ಬೇವಿನ ಮರದಿಂದ ಒಂದು ಕಡ್ಡಿ ಮುರಿದು ತರಬೇಕು. ಮೇಲೆ ನಿಂತು ನೋಡುವವರಿಲ್ಲ, ಕಡ್ಡಿಯೇ ಸಾಕ್ಷಿ. ಮೊದಲ ಸಲ ಓಡಿದಾಗ ಸಮದ ಎಲ್ಲರಿಗಿಂತ ಮುಂದೆ ಬಂದ. ಕಡ್ಡಿ ಮಾತ್ರ ದಾರಿಯಲ್ಲೆಲ್ಲೋ ಬಿದ್ದಿತ್ತು. ಮೇಲೆ ಹೋಗಿಯೇ ಬಂದಿದ್ದೇನೆ ಎಂದು ಆಣೆ ಮಾಡಿದ.

"ಕಡ್ಡಿ ಇಲ್ಲಂದ್ರ ಓಟಾ ಇಲ್ಲ, ಸಮದಭಾಯ್" ಎಂದ ಸುಧೀರ. "ಟೈರಿನಾಗಿನ ಗಾಳಿ ಅಲ್ಲ ಇದು, ಕಣ್ಣಿಗಿ ಕಾಣಬೇಕು."

ಎಲ್ಲರೂ ನಕ್ಕರು. ಸಮದ ಚಹಾ ಮುಟ್ಟದೆ ಎದ್ದ. ಅಂದಿನಿಂದ ಸುಧೀರನ ಸಂಗಡ ಮಾತು ಬಿಟ್ಟ. ನಾಲ್ಕು ಮಂದಿಯೆದುರು ತನ್ನನ್ನು ಸುಳ್ಳುಗಾರನನ್ನಾಗಿ ಮಾಡಿದನಲ್ಲ! ಮುಂದಿನ ವರ್ಷ ಮೊದಲು ಬರಬೇಕು, ನೀನು ಖರೇ ಮನುಷ್ಯ ಎಂದು ಅದೇ ಬಾಯಿಂದ ಅನ್ನಿಸಬೇಕು. ಅದೊಂದೇ ಹಟ.

ಮುಂದಿನ ವರ್ಷ ಟಿಕೋಟಾದಲ್ಲಿ ಟೆಂಪೋ ಕೆಟ್ಟು ತಡವಾಗಿ, ಓಟ ಹೊರಟಾಗಲೇ ಬಿಸಿಲು ಏರಿತ್ತು. ಉಳಿದವರು ಸೋತು ಅರ್ಧಕ್ಕೇ ತಿರುಗಿದರು. ಸಮದ ಮುಂದೆ, ಅವನ ಬೆನ್ನಿಗೆ ಸುಧೀರ. ಕೈಯಲ್ಲಿದ್ದರೆ ಮತ್ತೆ ಬಿದ್ದೀತೆಂದು ಸಮದ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಹಾಗೆಯೇ ಇಳಿದಿದ್ದರೆ ಮುಗಿಯುತ್ತಿತ್ತು. ಸಿಟ್ಟು ಬಿಡಬೇಕಲ್ಲ. ನೋಡಲಿ ಮಗ ಎಂದು ಇಳಿಜಾರಿನಲ್ಲಿ ಹಿಂದಕ್ಕೆ ಮುಖ ತಿರುಗಿಸಿದ. ಸಡಿಲ ಗರಸುಕಲ್ಲಿನ ಮೇಲೆ ಕಾಲು ಜಾರಿತು. ಮೊಣಕಾಲ ಕೆಳಗಿನ ಎಲುಬು ಲಟಕ್ಕನೆ ಮುರಿಯಿತು.

ಫೋನುಗಳೆಲ್ಲ ಟೆಂಪೋದಲ್ಲಿದ್ದವು. ಸುಧೀರ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಯತೊಡಗಿದ. ಸಮದನೇನು ಹಗುರ ಆಸಾಮಿಯಲ್ಲ. ನಾಲ್ಕು ಮಾರಿಗೊಮ್ಮೆ ನಿಂತು ಉಸಿರೆಳೆದುಕೊಂಡು ಸುಧೀರ ಮತ್ತೆ ನಡೆಯುತ್ತಿದ್ದ. ಅವನ ಕುತ್ತಿಗೆಯ ಬೆವರು ಇವನ ಗಲ್ಲಕ್ಕೆ ಹತ್ತುತ್ತಿತ್ತು.

"ಭಾಯ್, ಆ ಕಡ್ಡಿ ಉಗುಳಿ ಏನರೆ ಮಾತಾಡೋ ಮಾರಾಯಾ. ಬೈದರೂ ನಡೀತದ, ದಾರಿ ಸಾಗ್ತದ."

ಸಮದ ಹಲ್ಲು ಸಡಿಲಿಸಲಿಲ್ಲ. ಅವತ್ತಿನದು ತಪ್ಪಾಯಿತು ಅನ್ನಲಿ, ಆಮೇಲೆ ನೋಡೋಣ ಎಂದುಕೊಂಡ. ಸುಧೀರ ಅನ್ನಲಿಲ್ಲ. ಅವನಿಗೆ ಅದು ನೆನಪಿತ್ತೋ ಇಲ್ಲವೋ.

ತೋಟದಂಚಿನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕಿದ್ದ ರಾಚವ್ವ ಕಂಡು ಕೂಗು ಹಾಕಿದಳು. ಜನ ಓಡಿಬಂದು ಸಮದನನ್ನು ಟೆಂಪೋದಲ್ಲಿ ಮಲಗಿಸಿದರು. ಸುಧೀರ ಶೆಡ್ಡಿನ ನೆರಳಿಗೆ ಕುಸಿದು ಕೂತು, ನೀವು ಹೋಗಿರಿ ಎಂದು ಕೈಸನ್ನೆ ಮಾಡಿದ. ದಣಿದಿದ್ದಾನೆ ಎಂದೇ ಎಲ್ಲರೂ ತಿಳಿದರು. ಟೆಂಪೋ ವಿಜಯಪುರ ಮುಟ್ಟುವ ಮೊದಲೇ ಅವನ ಜೀವ ಅಲ್ಲಿಯೇ ಹೋಗಿತ್ತು.

ಮರುದಿನ ಸಂಘದವರೆಲ್ಲ ಹೆಣಕ್ಕೆ ಹೆಗಲು ಕೊಟ್ಟರು. ಸಮದ ಆಸ್ಪತ್ರೆಯ ಮಂಚದ ಮೇಲಿದ್ದ. ನನ್ನನ್ನು ಎಬ್ಬಿಸಿರಿ ಎಂದು ಶಮಾಳಿಗೆ ಬೈದ, ನರ್ಸಿಗೂ ಬೈದ. ಯಾರೂ ಎಬ್ಬಿಸಲಿಲ್ಲ.

ಕಾಲು ಕೂಡಿದ ಮೇಲೆ ಕೋಲೂರಿಕೊಂಡು ಸುಧೀರನ ಹೆಂಡತಿ ಧನಶ್ರೀಯನ್ನು ಕಾಣಲು ಹೋದ. ಆಕೆ ಅಳಲಿಲ್ಲ, ಬೈಯಲಿಲ್ಲ.

"ಕಡೀಕ ನಿಮ್ಮ ಕೂಡನ ಇದ್ರಲ್ಲರಿ, ಸಮದಣ್ಣಾ. ಇಬ್ಬರೂ ಏನ್ ಮಾತಾಡಿದ್ರಿ?"

"ಅವರು ಮಾತಾಡಿದ್ರು, ಅಕ್ಕಾರ" ಎಂದ ಸಮದ. "ನಾ ಆಡಲಿಲ್ಲ."

ಈಗ ಅಂಗಡಿಯ ಮುಂದೆ ಯಾರದೇ ಹೆಣ ಹೋಗಲಿ, ಯಾವ ಜಾತಿಯದೇ ಇರಲಿ, ಸಮದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕುಂಟುತ್ತ ಹೋಗಿ ಹೆಗಲು ಕೊಡುತ್ತಾನೆ. ತುಸು ದೂರಕ್ಕೇ ಕಾಲು ಸೋಲುತ್ತದೆ, ಬೇರೆ ಯಾರೋ ಹೆಗಲು ಬದಲಿಸುತ್ತಾರೆ. ಸುಧೀರನ ಬಾಕಿ ಹಾಗೆಯೇ ಇದೆ.