ಪಿಳ್ಳಮ್ಮನ ಮನೆಯ ಬಾಣಂತನ

ಗರುಡಾಚಾರ್‌ಪಾಳ್ಯದಲ್ಲಿ ತಂದೆಯಿಂದ ಪಾಲಿಗೆ ಬಂದ ತುಂಡು ನೆಲದ ಮೇಲೆ ಎರಡು ಕೋಣೆಯ ಮನೆ ಕಟ್ಟಿ ಮುಗಿಸಿದಾಗ ಪಿಳ್ಳಮ್ಮನಿಗೆ ಐವತ್ತೇಳು. ಗಾರ್ಮೆಂಟ್ಸಿನಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಮಾಡಿದವಳು. ಗೋಡೆಗಳನ್ನೆಲ್ಲ ಅಂಗೈಯಿಂದ ಸವರಿ ನೋಡಿ ಒಪ್ಪಿಕೊಂಡಿದ್ದಳು. ವಿದ್ಯುತ್ ಕಚೇರಿ ಮಾತ್ರ ಒಪ್ಪಲಿಲ್ಲ. ಮಂಜೂರಾದ ನಕ್ಷೆ, ವಾಸಕ್ಕೆ ಯೋಗ್ಯವೆಂಬ ಪತ್ರ ತಂದರೆ ಮೀಟರು, ಇಲ್ಲದಿದ್ದರೆ ಇಲ್ಲ. ಮೇಸ್ತ್ರಿಯ ಬಾಯಿಲೆಕ್ಕದಲ್ಲಿ ಎದ್ದ ಮನೆಗೆ ನಕ್ಷೆ ಎಲ್ಲಿಂದ ಬರಬೇಕು?

ಮಗಳು ಪೂಜಿತಾ ಆಗ ಏಳು ತಿಂಗಳ ಬಸುರಿ. ಹಲಸೂರಿನಿಂದ ಬೀಗಿತ್ತಿ ಅಕ್ಕಯ್ಯಮ್ಮ ಫೋನು ಮಾಡಿದಳು.

"ಕರೆಂಟಿಲ್ದಿರೋ ಮನೇಗೆ ಬಾಣಂತೀನ ಕಳ್ಸೋಕಾಗಲ್ಲ ಕಣ್ರೀ. ಇಲ್ಲೇ ಆಗ್ಲಿ ಬಿಡಿ."

ಚೊಚ್ಚಲ ಬಾಣಂತನ ತವರಿನದು. ಪಿಳ್ಳಮ್ಮನ ಮಟ್ಟಿಗೆ ಅದು ಚರ್ಚೆಯ ವಿಷಯವೇ ಅಲ್ಲ.

"ನನ್ನ ಮಗಳು ನನ್ನ ಮನೇಗೇ ಬರ್ತಾಳೆ," ಎಂದು ಫೋನಿಟ್ಟಳು. ಪಕ್ಕದ ಮನೆಯ ಆದಿನಾರಾಯಣ ತಮ್ಮಲ್ಲಿಂದ ಒಂದು ವೈರು ಎಳೆದುಕೊಳ್ಳಲು ಹೇಳಿದಾಗಲೂ ಬೇಡವೆಂದು ತಲೆಯಾಡಿಸಿಬಿಟ್ಟಳು.

ಶಿವಾಜಿನಗರದ ಎಲೆಕ್ಟ್ರಿಷಿಯನ್ ಜಿಯಾವುಲ್ಲಾ ಬಂದು ತಾರಸಿಯ ಮೇಲೆ ನಾಲ್ಕು ಸೋಲಾರ್ ಹಲಗೆ, ಒಳಗೆ ಇನ್ವರ್ಟರು, ಎರಡು ಬ್ಯಾಟರಿ ಕೂರಿಸಿದ. ದೀಪ ಹತ್ತಿತು, ಫ್ಯಾನು ತಿರುಗಿತು, ಪುಟ್ಟ ಮೋಟಾರು ಟ್ಯಾಂಕಿಗೆ ನೀರೆತ್ತಿತು. ಗೆದ್ದ ಹುರುಪಿನಲ್ಲಿ ಪಿಳ್ಳಮ್ಮ ಹಳೆಯ ಹೀಟರ್ ಕಾಯಿಲನ್ನು ಬಕೀಟಿಗಿಳಿಸಿ ಸ್ವಿಚ್ಚು ಒತ್ತಿದಳು. ಇನ್ವರ್ಟರು ಕಿರ್ರೆಂದು ಕಿರುಚಿ ಮನೆಯಿಡೀ ಆರಿಹೋಯಿತು.

"ಏನಮ್ಮಾ, ಕತ್ತೆ ಮೇಲೆ ಲಾರಿ ಲೋಡ್ ಹಾಕಿದ್ದೀರಲ್ಲಾ!" ಎಂದು ಜಿಯಾವುಲ್ಲಾ ನಕ್ಕ. "ಬಿಸ್ಲಿಂದ ಬೆಳಕು, ಗ್ಯಾಸಿಂದ ಬಿಸಿನೀರು. ಇಬ್ರಿಗೂ ಅವರವರ ಕೆಲ್ಸ ಕೊಡಿ, ಜಗಳಾನೇ ಇರಲ್ಲ."

ಗ್ಯಾಸ್ ಗೀಸರನ್ನು ಅವನು ಬಚ್ಚಲಿನ ಹೊರಗೋಡೆಗೆ, ತಗಡಿನ ಮರೆಯ ಕೆಳಗೆ ಬಿಗಿದು, ನೀರಿನ ಕೊಳವೆಯನ್ನಷ್ಟೇ ಒಳಗೆ ತಂದ. ಒಳಗಿರಲೆಂದು ಪಿಳ್ಳಮ್ಮ ಹಟ ಹಿಡಿದಾಗ ಕಾರಣ ಬಿಡಿಸಿ ಹೇಳಿದ. ಕೇಳಿದ ಅವಳು ಹಟ ಬಿಟ್ಟಳು.

ಹೆಣ್ಣುಮಗುವಾಯಿತು. ಆಸ್ಪತ್ರೆಯಿಂದ ಪೂಜಿತಾ ನೇರ ತವರಿಗೆ ಬಂದಳು. ಹನ್ನೊಂದನೆಯ ದಿನ ಅಕ್ಕಯ್ಯಮ್ಮ ಸೊಸೆ, ಮೊಮ್ಮಗಳನ್ನು ಕರೆದೊಯ್ಯುವ ತೀರ್ಮಾನದೊಂದಿಗೇ ಆಟೋ ಇಳಿದಳು. ಮನೆಯನ್ನೊಂದು ಸುತ್ತು ಹಾಕಿದಳು.

"ಗೀಸರ್ ಬೀದೀಲಿ ನೇತಾಕಿದ್ದೀರಲ್ರೀ! ದಾರೀಲಿ ಹೋಗೋರ್ಗೂ ನೀರು ಹಾಕ್ತೀರಾ?"

"ಬಾಣಂತಿಗೆ ಗಾಳಿ ಸೋಕಬಾರ್ದೂಂತ ಬಚ್ಚಲ ಕಿಟ್ಕಿ ಸಂದಿಗೆಲ್ಲಾ ಬಟ್ಟೆ ತುರುಕ್ತೀವಲ್ಲಾ, ಅಕ್ಕಾ? ಅಲ್ಲೇ ಗ್ಯಾಸ್ ಉರೀತಿದ್ರೆ ತಾಯಿ-ಮಗು ಇಬ್ರೂ ಕೂತಲ್ಲೇ ಹೋಗ್ತಾರೆ. ಆ ವಿಷಕ್ಕೆ ವಾಸ್ನೇನೂ ಇಲ್ವಂತೆ. ನಿಮ್ಮನೇಲಿ ಎಲ್ಲಿಟ್ಟಿದ್ದೀರಾ?"

ಅಕ್ಕಯ್ಯಮ್ಮನ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದದ್ದು ಬಚ್ಚಲಿನೊಳಗೆ, ಸ್ನಾನದ ಮಣೆಯ ನೆತ್ತಿಯ ಮೇಲೆ. ಕಿಟಕಿಗೆ ಬಾಣಂತಿಗಾಗಿ ತಾನೇ ಮುತುವರ್ಜಿಯಿಂದ ಪೇಪರು ಅಂಟಿಸಿ ಬಂದಿದ್ದಳು. ಅಂಗಳದ ಮೂಲೆಗೆ ಹೋಗಿ ಮಗನಿಗೆ ಫೋನು ಹಚ್ಚಿದಳು.

"ಲೋ, ಬಾತ್‌ರೂಮ್ ಕಿಟ್ಕಿ ಪೇಪರ್ ಕಿತ್ತಾಕು. ಈಗ್ಲೇ. ಯಾಕೇಂತ ಬಂದು ಹೇಳ್ತೀನಿ."

ಹಿಂದಿರುಗಿದಾಗ ದನಿ ತಗ್ಗಿತ್ತು. "ಒಂದು ತಿಂಗ್ಳಿರ್ಲಿ. ಆಮೇಲೆ ಬಂದು ಕರ್ಕೊಂಡ್ಹೋಗ್ತೀನಿ."

"ಮೂರು ತಿಂಗ್ಳು," ಎಂದಳು ಪಿಳ್ಳಮ್ಮ. "ಒಂದು ದಿನಾನೂ ಕಮ್ಮಿ ಇಲ್ಲ. ಕರೆಂಟಿನೋರು ಬರ್ಲಿ, ಬಿಡ್ಲಿ."

ನಲ್ಲಿಯಿಂದ ಹಬೆಯಾಡುವ ನೀರು ಹಂಡೆಗೆ ಬೀಳತೊಡಗಿತ್ತು. ಪಿಳ್ಳಮ್ಮ ಸೆರಗು ಸಿಕ್ಕಿಸಿಕೊಂಡು ತಂಬಿಗೆಯನ್ನು ಬೀಗಿತ್ತಿಯ ಕಡೆ ಚಾಚಿದಳು.

"ಬಂದಿದ್ದೀರಲ್ಲಾ, ಸೊಸೆ ಬೆನ್ನಿಗೆ ನೀವೇ ನೀರು ಹಾಕಿ ಬನ್ನಿ."